ಮೇಸ್ತ್ರಿ ನನ್ನ ಸೈಕಲ್ ಡಬ್ಬ ಹಾಕಿದರು

ಕೈಯಲ್ಲಿ ಮಾಡಿದ ಸೈಕಲ್‌ಗಳನ್ನೆಲ್ಲ ಒಂದು ಭಾನುವಾರ ಧಾರವಾಡದಲ್ಲಿ ಸೇರಿಸೋಣ ಅಂತ ಗೆಳೆಯರೊಬ್ಬರು ಫೋನ್ ಮಾಡಿದಾಗ ನನಗೆ ಮೊದಲು ಬಂದ ಯೋಚನೆ ಬಣ್ಣದ್ದು. ಆಗ ತಾನೇ ನನ್ನ ಸೈಕಲ್‌ಗೆ ಕಡು ಹಸಿರು ಹೊಡೆಸಿದ್ದೆ. ಬಿಸಿಲಿಗೆ ಹಿಡಿದರೆ ಭಾರಿ ಚಂದ ಕಾಣುತ್ತಿತ್ತು.

ನನ್ನ ಎತ್ತರ 6 ಅಡಿ 2 ಇಂಚು. ಅಂಗಡಿಯ ಸೈಕಲ್ ಯಾವುದು ಹತ್ತಿದರೂ ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತದೆ. ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ನನ್ನ ಕೆಲಸ. ಗ್ಯಾಸ್ ಇದೆ, ಬೆಂಚ್ ಇದೆ, ಸಂಜೆ ಕೈ ಖಾಲಿ ಇರುತ್ತದೆ. ಫ್ರೇಮ್ ನಾನೇ ಮಾಡಿದರೆ ಹೇಗೆ ಅನ್ನಿಸಿತು. ಲುಧಿಯಾನದ ಶೆಲ್ಲು (ಪೆಡಲ್ ಹತ್ತಿರ ಪೈಪುಗಳು ಬಂದು ಸೇರುವ ದಪ್ಪ ಗೂಡು), ಲಗ್ಗು (ಉಳಿದ ಕಡೆ ಪೈಪಿನ ತುದಿ ಕೂರುವ ತೋಳು) ತರಿಸಿದೆ. ಮೇಲಿನ ಪೈಪು 25.4 ಮಿ.ಮೀ., ಕೆಳಗಿನದು 28.6. ಪೈಪಿನ ತುದಿಯನ್ನು ಅರದಿಂದ ಉಜ್ಜಿ ಕೂರಿಸುವುದಕ್ಕೇ ಮೂರು ವಾರ ಹೋಯಿತು. ಆಮೇಲೆ ಬಿಳಿಗಾರ ಬಳಿದು ಹಿತ್ತಾಳೆ ಬೆಸುಗೆ. ವೆಲ್ಡಿಂಗ್‌ನಲ್ಲಿ ಪೈಪೇ ಕರಗಿ ಒಂದಾಗುತ್ತದೆ. ಇದರಲ್ಲಿ ಪೈಪು ಕರಗುವುದಿಲ್ಲ. ಸುಮಾರು 900 ಡಿಗ್ರಿಗೆ ಹಿತ್ತಾಳೆ ಮಾತ್ರ ಕರಗಿ, ಕೂದಲೆಳೆಯಷ್ಟು ಸಂದಿನೊಳಗೆ ತಾನೇ ಹರಿಯುತ್ತದೆ. ಹರಿಯಬೇಕು, ಅಷ್ಟೇ. ಪೆಡಲ್ ಹತ್ತಿರದ ಶೆಲ್ಲಿನಲ್ಲಿ ಅದು ಸರಿಯಾಗಿ ಹರಿದಿದೆಯೋ ಇಲ್ಲವೋ ಅಂತ ನನಗೇ ಸಂಶಯ ಇತ್ತು. ಹೊರಗೆ ಇನ್ನಷ್ಟು ಹಿತ್ತಾಳೆ ಹಾಕಿ, ಉಜ್ಜಿ ನುಣುಪು ಮಾಡಿ, ಬಣ್ಣ ಹೊಡೆಸಿಬಿಟ್ಟೆ.

ಅದೇ ಸೈಕಲ್ ಹತ್ತಿ ಬೆಳಿಗ್ಗೆ ಆರಕ್ಕೆ ಹೊರಟೆ. ಉಣಕಲ್ ಕೆರೆ, ನವನಗರ, ಆಮೇಲೆ ನವಲೂರು. ಧಾರವಾಡಕ್ಕೆ ಹೋಗುವಾಗ ಏರು ಜಾಸ್ತಿ. ನವಲೂರಿನಲ್ಲಿ ನಿಂತು ಉಪ್ಪು-ಖಾರ ಹಚ್ಚಿದ ಎರಡು ಪೇರಲ ತಿಂದೆ. ಅಲ್ಲಿ ನಿಲ್ಲದೆ ಹೋಗುವುದು ನನ್ನ ಕೈಲಾಗದ ಕೆಲಸ.

ಪ್ರದರ್ಶನ ಅಂದರೆ ಕೆಲಗೇರಿ ಕೆರೆ ಕಡೆಯ ಒಂದು ಮನೆಯ ಅಂಗಳ. ಹನ್ನೊಂದು ಸೈಕಲ್, ಮೂವತ್ತು ಜನ, ಒಂದು ಡಬರಿ ತುಂಬ ಗಿರಮಿಟ್. ಅಮೆರಿಕದ ಹ್ಯೂಸ್ಟನ್‌ನಲ್ಲಿ 2005ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2011ರಲ್ಲಿ ಇಂಥ ಪ್ರದರ್ಶನ ಶುರುವಾದ ಕಥೆಯನ್ನು ಆ ಮನೆಯ ಯಜಮಾನರು ಹೇಳಿದರು. ಅಲ್ಲಿ ಟಿಕೆಟ್ ಕೊಟ್ಟು ಒಳಗೆ ಹೋಗಬೇಕಿತ್ತಂತೆ. ಇಲ್ಲಿ ಚಪ್ಪಲಿ ಬಿಟ್ಟು ಹೋದೆವು.

ಒಬ್ಬ ಇಂಜಿನಿಯರಿಂಗ್ ಹುಡುಗ ಬಿದಿರಿನ ಸೈಕಲ್ ತಂದಿದ್ದ. ಬಿದಿರನ್ನು ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿ, ಕೂಡುವ ಜಾಗಕ್ಕೆಲ್ಲ ಸೆಣಬಿನ ನಾರು ಸುತ್ತಿ ಎಪಾಕ್ಸಿ ಅಂಟು ಕುಡಿಸಿದ್ದ. ಹಾವೇರಿಯ ಒಬ್ಬರು ಹಾಲಿನ ಕ್ಯಾನ್ ಹೊರಲು ಹಿಂಭಾಗ ಒಂದು ಗೇಣು ಉದ್ದ ಮಾಡಿದ್ದರು. ನೋಡೋಕೆ ಚಂದ ಇರಲಿಲ್ಲ. ಆದರೆ ಅಲ್ಲಿದ್ದ ಸೈಕಲ್‌ಗಳಲ್ಲಿ ದಿನಾ ದುಡಿಯುತ್ತಿದ್ದದ್ದು ಅದೊಂದೇ. ನನ್ನ ಹಸಿರು ಸೈಕಲ್ ಮುಂದೆ ಫೋಟೊ ತೆಗೆಸಿಕೊಳ್ಳುವವರು ಜಾಸ್ತಿ. ನಾನೂ ಉಬ್ಬಿದ್ದೆ, ಸುಳ್ಳು ಯಾಕೆ ಹೇಳಲಿ.

ಗದಗಿನಿಂದ ಬಂದ ಒಬ್ಬ ಮೇಸ್ತ್ರಿ ಇದ್ದರು. ಎಪ್ಪತ್ತು ದಾಟಿದೆ. ಮೊದಲು ತಾಸಿನ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿ ಇತ್ತಂತೆ. ಬಂದವರೇ ಮುಂದಿನ ಚಕ್ರದ ಕಡ್ಡಿ 32, ಹಿಂದಿನದು 40 ಎಣಿಸಿ, ‘ಹಳೇ ಲೆಕ್ಕ ಬಿಟ್ಟಿಲ್ಲ’ ಅಂದರು. ಆಮೇಲೆ, ‘ತಮ್ಮಾ, ಇದನ್ನ ಸ್ವಲ್ಪ ಡಬ್ಬ ಹಾಕು’ ಅಂದರು.

ಸೀಟು, ಹ್ಯಾಂಡಲ್ ನೆಲಕ್ಕೆ ಮಾಡಿ ನಿಲ್ಲಿಸಿದೆ. ಅವರು ಕೆಳಗಿನ ಪೈಪು ಶೆಲ್ಲಿಗೆ ಸೇರುವ ಕಡೆ ಉಗುರು ಎಳೆದರು. ಒಂದು ಕಡೆ ಬಣ್ಣದಲ್ಲಿ ಸೂಜಿಮೊನೆಯಷ್ಟು ತೂತು, ಅದರ ಸುತ್ತ ತುಕ್ಕಿನ ಕಲೆ. ಮಾತಾಡಲಿಲ್ಲ. ಚೀಲದಿಂದ ಪಾನಾ ತೆಗೆದರು. ಕಾಟರ್ ಪಿನ್ ಬಡಿದು, ಪೆಡಲ್ ಕೂರುವ ಕ್ರ್ಯಾಂಕ್ ಬಿಚ್ಚಿ, ಬೇರಿಂಗ್ ಕಪ್ ತೆಗೆದು, ಗ್ರೀಸು ಒರೆಸಿ ಶೆಲ್ಲಿನ ಒಳಗೆ ಮೊಬೈಲ್ ಟಾರ್ಚ್ ಬಿಟ್ಟರು. ಪೈಪಿನ ತುದಿಯ ಸುತ್ತ ಹಿತ್ತಾಳೆಯ ಹಳದಿ ಉಂಗುರ ಕಾಣಬೇಕಿತ್ತು. ಅರ್ಧ ಸುತ್ತು ಮಾತ್ರ ಇತ್ತು. ಉಳಿದರ್ಧ ಕರಿ.

‘ಪೈಪ್ ತೆಳ್ಳಗ, ಶೆಲ್ ದಪ್ಪ. ನೀ ಪೈಪಿಗೆ ಬೆಂಕಿ ಹಿಡದಿ. ಪೈಪ್ ಕೆಂಪಾತು, ಶೆಲ್ ಹಂಗ ಉಳೀತು. ಹಿತ್ತಾಳಿ ಬಿಸಿ ಇದ್ದಲ್ಲೇ ಓಡತೈತಿ. ತಣ್ಣಗಿದ್ದಲ್ಲಿ ಒಳಗ ಹೋಗಂಗಿಲ್ಲ.’

‘ಹೌದ್ರೀ’ ಅಂದೆ. ಬೇರೆ ಏನು ಹೇಳಲಿ?

‘ಇದನ್ನ ಹತ್ತಿ ಹುಬ್ಬಳ್ಳಿಗೆ ಇಳೀಬ್ಯಾಡ.’

ಫೋಟೊ ತೆಗೆಯುತ್ತಿದ್ದವರೆಲ್ಲ ಈಗ ಸುತ್ತ ಬಗ್ಗಿ ಶೆಲ್ಲಿನೊಳಗೆ ನೋಡುತ್ತಿದ್ದರು. ನಾಚಿಕೆ ಆಯಿತು. ಆದರೆ ಆ ಬಿದಿರಿನ ಹುಡುಗ ತನ್ನ ಸೈಕಲ್ಲನ್ನೂ ತಂದು ಡಬ್ಬ ಹಾಕಿದ. ಆಮೇಲೆ ಹಾವೇರಿಯವರೂ. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಏಳು ಸೈಕಲ್ ತಲೆಕೆಳಗಾಗಿದ್ದವು. ನಿಜವಾದ ಮಾತು ಶುರುವಾದದ್ದೇ ಆಗ. ಯಾರ ಬೆಂಕಿ ಎಲ್ಲಿ ಜಾಸ್ತಿ ಆಯಿತು, ಯಾರ ಎಪಾಕ್ಸಿ ಮಳೆಗಾಲದಲ್ಲಿ ಒಣಗಲಿಲ್ಲ, ಎಲ್ಲ ಹೊರಗೆ ಬಂತು. ಸೈಕಲ್ಲನ್ನು ಟೆಂಪೊದಲ್ಲಿ ಹಾಕಿಕೊಂಡು ಮನೆಗೆ ಬಂದೆ.

ಮರುದಿನ ಶೆಡ್‌ನಲ್ಲಿ ಆ ಕೂಡುಜಾಗವನ್ನು ಉದ್ದಕ್ಕೆ ಗರಗಸದಿಂದ ಸೀಳಿದೆ. ಮೇಲ್ಗಡೆ ಅರ್ಧ ಇಂಚು ಹಿತ್ತಾಳೆ, ಅದರ ಕೆಳಗೆ ಸುಟ್ಟು ಗಾಜಿನಂತಾದ ಬಿಳಿಗಾರ. ಕರಿ ಇದ್ದ ಕಡೆ ಪೈಪನ್ನು ಹಿಡಿದಿದ್ದದ್ದು ಅಷ್ಟೇ. 20 ಕಿಲೋಮೀಟರ್ ಅದರ ಮೇಲೆ ಕೂತು ಪೇರಲ ತಿನ್ನುತ್ತಾ ಹೋಗಿದ್ದೆ.

ರಿಪೇರಿ ಮಾಡುವ ಮನಸ್ಸಾಗಲಿಲ್ಲ. ಹೊಸ ಶೆಲ್, ಹೊಸ ಪೈಪು ತಂದೆ. ಈ ಸಲ ಬೆಂಕಿ ಮೊದಲು ಶೆಲ್ಲಿಗೆ. ಅದು ಕೆಂಪಾಗತೊಡಗಿದ ಮೇಲೆ ಪೈಪಿನ ಕಡೆ ಸುಮ್ನೆ ಸವರಿದಂತೆ ತೋರಿಸಿ ಮತ್ತೆ ಶೆಲ್ಲಿಗೇ. ಹೊರಗಿನಿಂದ ಹಿತ್ತಾಳೆ ಕಡ್ಡಿ ಮುಟ್ಟಿಸಿದರೆ ಕರಗಿದ ಹಿತ್ತಾಳೆ ಒಂದು ಕ್ಷಣ ನಿಂತು, ಆಮೇಲೆ ಚಕ್ಕನೆ ಒಳಗೆ ಎಳೆದುಕೊಂಡು ಹೋಯಿತು. ಒಳಗೆ ಇಣುಕಿದರೆ ಪೂರ್ತಿ ಉಂಗುರ.

ಬಣ್ಣ ಹೊಡೆಸದೆ, ಬರೀ ಫ್ರೇಮ್ ಹಿಡಿದು ರೈಲಿನಲ್ಲಿ ಗದಗಿಗೆ ಹೋದೆ. ಮೇಸ್ತ್ರಿ ಟಾರ್ಚ್ ಬಿಟ್ಟು ನೋಡಿ ತಲೆ ಆಡಿಸಿದರು. ಆಮೇಲೆ ಒಂದು ದಾರ ತೆಗೆದು ಹಿಂದಿನ ಚಕ್ರ ಕೂರುವ ಒಂದು ತುದಿಯಿಂದ ಮುಂದೆ ಹ್ಯಾಂಡಲ್ ಕೂರುವ ಹೆಡ್ ಪೈಪು ಸುತ್ತಿಸಿ ಹಿಂದಿನ ಇನ್ನೊಂದು ತುದಿಗೆ ಬಿಗಿದು, ಸೀಟ್ ಪೈಪಿನ ಎಡಕ್ಕೂ ಬಲಕ್ಕೂ ಸ್ಕೇಲ್ ಹಿಡಿದರು. ದಾರದ ಅಂತರ ಎರಡೂ ಕಡೆ ಒಂದೇ ಇರಬೇಕು.

‘ಹಿಂದಿಂದು ಬಲಕ್ಕ ವಾಲೇತಿ ತಮ್ಮಾ’ ಅಂದರು. ಮರದ ತುಂಡು ಇಟ್ಟು ಸ್ವಲ್ಪ ಸ್ವಲ್ಪ ಎಳೆದು, ಮತ್ತೆ ದಾರ ಕಟ್ಟಿ, ಮತ್ತೆ ಎಳೆದು ಸರಿ ಮಾಡುವಷ್ಟರಲ್ಲಿ ಊಟದ ಹೊತ್ತಾಗಿತ್ತು.