ವಿಟ್ನಿ ಹ್ಯೂಸ್ಟನ್ ಮೊದಲ ಆಲ್ಬಂ: ಹಾಡುವ ಮೊದಲು ಹೀಗೆ ಕೇಳಿ

ನನ್ನ ಹತ್ತಿರ ಭಾವಗೀತೆ ಕಲಿಯಲು ಬರುವ ಹುಡುಗಿಯೊಬ್ಬಳು ಹೋದ ತಿಂಗಳು ಅಮೆರಿಕದ ಗಾಯಕಿ ವಿಟ್ನಿ ಹ್ಯೂಸ್ಟನ್‌ಳ 'ಗ್ರೇಟೆಸ್ಟ್ ಲವ್ ಆಫ್ ಆಲ್' ಹಾಡಿ ತೋರಿಸಿದಳು. ಮೇಲಿನ ಸ್ವರ ಬಂದಾಗ ಪಕ್ಕದ ಮನೆಯ ನಾಯಿ ಬೊಗಳಲು ಶುರು ಮಾಡಿತು. ಪಾಪ, ಅವಳ ತಪ್ಪಲ್ಲ. ವಿಟ್ನಿ ಅಂದರೆ ಏರು ದನಿ ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. 1992ರ 'ದಿ ಬಾಡಿಗಾರ್ಡ್' ಸಿನಿಮಾದಲ್ಲಿ ನಟಿಸಿ, ಹಾಡಿದ ಮೇಲಂತೂ ಅದು ಇನ್ನೂ ಜಾಸ್ತಿಯಾಯಿತು. ಅದಕ್ಕೂ ಏಳು ವರ್ಷ ಮೊದಲು, 1985ರ ಫೆಬ್ರವರಿ 14ಕ್ಕೆ, ಅವಳ ಹೆಸರಿನಲ್ಲೇ ಮೊದಲ ಆಲ್ಬಂ ಬಂತು. ಆಗ ಅವಳಿಗೆ 21 ವರ್ಷ. ಅದನ್ನು ಕೇಳುವ ಬಗೆ ಆ ಹುಡುಗಿಗೆ ಹೇಳಿಕೊಟ್ಟೆ. ಅದೇ ಇಲ್ಲಿದೆ.

ಫೋನಿನ ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ. ಇರುವುದು ಹತ್ತೇ ಹಾಡು. ಒಂದೇ ದಿನ ಮುಗಿಸುವ ಅವಸರ ಬೇಡ. ಈ ಆಲ್ಬಂ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯ ತುದಿ ಮುಟ್ಟಲು ವರ್ಷದ ಮೇಲೆ ತೆಗೆದುಕೊಂಡಿತು. ಮುಟ್ಟಿದ ಮೇಲೆ ಒಟ್ಟು 14 ವಾರ ಅಲ್ಲಿತ್ತು.

'ಯೂ ಗಿವ್ ಗುಡ್ ಲವ್' ಇಂದ ಶುರು ಮಾಡಿ. ಮೊದಲ ಸಲ ಸಾಹಿತ್ಯದ ಕಡೆ ಗಮನ ಬೇಡ. ಸಾಲು ಮುಗಿಯುವಲ್ಲಿ ದನಿಯನ್ನು ಹೇಗೆ ಇಳಿಸುತ್ತಾಳೆ, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ, ಅಷ್ಟು ನೋಡಿ. ನ್ಯೂಜೆರ್ಸಿಯ ನ್ಯೂಅರ್ಕ್ ಊರಿನ ಚರ್ಚ್‌ನಲ್ಲಿ ಹಾಡಿ ಬೆಳೆದವಳು. ಗಟ್ಟಿಯಾಗಿ ಹಾಡಲು ಬರುತ್ತದೆ, ಆದರೂ ತಡೆದುಕೊಳ್ಳುತ್ತಾಳೆ. ನನ್ನ ವಿದ್ಯಾರ್ಥಿಗಳು ಕಲಿಯಬೇಕಾದ್ದು ಇದೇ.

ಆಮೇಲೆ 'ಸೇವಿಂಗ್ ಆಲ್ ಮೈ ಲವ್ ಫಾರ್ ಯೂ'. ಇದನ್ನು 1978ರಲ್ಲೇ ಮ್ಯಾರಿಲಿನ್ ಮೆಕೂ ಮತ್ತು ಬಿಲ್ಲಿ ಡೇವಿಸ್ ಜೂನಿಯರ್ ಹಾಡಿದ್ದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ವಿಟ್ನಿಗೆ ಇದಕ್ಕೆ ಗ್ರ್ಯಾಮಿ ಪ್ರಶಸ್ತಿ ಯಾಕೆ ಬಂತು ಅಂತ ನಾನು ಹೇಳಬೇಕಾಗಿಲ್ಲ.

'ಹೌ ವಿಲ್ ಐ ನೋ' ಬಂದಾಗ ಕುಣಿಯಬೇಕು ಅನಿಸುತ್ತದೆ. ಕುಣಿಯಿರಿ. ಎರಡನೇ ಸಲ ಮಾತ್ರ ಅವಳನ್ನು ಬಿಟ್ಟು ಹಿಂದಿನ ದನಿಗಳ ಜೊತೆ ಹೋಗಿ. ಆ ಗುಂಪಿನಲ್ಲಿ ಅವಳ ಅಮ್ಮ ಸಿಸ್ಸಿ ಹ್ಯೂಸ್ಟನ್ ಇದ್ದಾರೆ. ಅರೀಥಾ ಫ್ರಾಂಕ್ಲಿನ್‌ಗೆ, ಎಲ್ವಿಸ್‌ಗೆ ಹಿಂದೆ ನಿಂತು ಹಾಡಿದವರು. ಮಗಳ ಹಿಂದೆಯೂ ಹಾಗೇ ನಿಂತರು.

ಇನ್ನು 'ಗ್ರೇಟೆಸ್ಟ್ ಲವ್ ಆಫ್ ಆಲ್'. ಇದಕ್ಕೆ ಒಂದು ಉಪಾಯ ಇದೆ. ಹಾಡಿನ ಮೊದಲ ಭಾಗ ಕೇಳಿ ಆಧಾರ ಸ್ವರ 'ಸ' ಎಲ್ಲಿದೆ ಅಂತ ಗುನುಗಿ ಹುಡುಕಿ. ಇನ್ನೊಂದು ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಅದೇ ಶ್ರುತಿ ಸಣ್ಣಗೆ ಇಡಿ. ಈಗ ಹಾಡನ್ನು ಮೊದಲಿಂದ ಬಿಡಿ. ಬಹಳ ಹೊತ್ತು ಎಲ್ಲ ಸರಿಯಾಗೇ ಇರುತ್ತದೆ. ಕೊನೆಯ ಕಡೆಗೆ ಇದ್ದಕ್ಕಿದ್ದ ಹಾಗೆ ತಂಬೂರಿ ಕಿವಿಗೆ ಚುಚ್ಚುತ್ತದೆ. ತಂಬೂರಿ ಕೆಟ್ಟಿಲ್ಲ. ಹಾಡಿನ 'ಸ'ನೇ ಮೇಲೆ ಸರಿದಿದೆ! ನಮ್ಮ ಸಂಗೀತ ಕಚೇರಿಯಲ್ಲಿ ಹೀಗೆ ಮಾಡಿದರೆ ಪಿಟೀಲಿನವರು ಎದ್ದು ಹೋಗುತ್ತಾರೆ. ಇಲ್ಲಿ ಅದೇ ಹಾಡಿನ ಜೀವ. ಮೊದಲ ಸಾಲುಗಳನ್ನು ಹತ್ತಿರ ಕೂತು ಮಾತಾಡಿದ ಹಾಗೆ ಹಾಡಿದ್ದಕ್ಕೇ ಆ ಏರಿಕೆಗೆ ಬೆಲೆ. ಶುರುವಿನಿಂದಲೇ ಕಿರುಚಿದರೆ ಏರಲು ಜಾಗ ಎಲ್ಲಿರುತ್ತದೆ?

ಜರ್ಮೇನ್ ಜಾಕ್ಸನ್ ಜೊತೆಗಿನ ಎರಡು ಯುಗಳ ಗೀತೆ ಬಂದಾಗ ನಾನು ಕಾಫಿಗೆ ಎದ್ದು ಹೋಗುತ್ತೇನೆ. ಕೊನೆಯ 'ಹೋಲ್ಡ್ ಮಿ' ಮಾತ್ರ ಬಿಡಬೇಡಿ. ಜೊತೆಗಿರುವವರು ಗಾಯಕ ಟೆಡ್ಡಿ ಪೆಂಡರ್‌ಗ್ರಾಸ್. 1982ರ ಕಾರು ಅಪಘಾತದಲ್ಲಿ ಅವರಿಗೆ ಎದೆಯಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಅದಾದ ಮೇಲೆ ಹಾಡಿದ್ದು ಇದು.

'ಗ್ರೇಟೆಸ್ಟ್ ಲವ್ ಆಫ್ ಆಲ್' ಹಾಡಲೇಬೇಕು ಅನ್ನುವವರು ಕ್ಯಾರಿಯೋಕಿ ಆ್ಯಪ್‌ನಲ್ಲಿ ಶ್ರುತಿ ಎರಡು ಮನೆ (ಎರಡು ಅರ್ಧ ಸ್ವರ) ಇಳಿಸಿಕೊಳ್ಳಿ. ಒಂದು ವಾರ ಬರೀ ಮೊದಲ ಚರಣ, ಅರ್ಧ ದನಿಯಲ್ಲಿ. ನಮ್ಮ ಹುಡುಗಿ ಈಗ ಅದನ್ನೇ ಮಾಡುತ್ತಿದ್ದಾಳೆ. "ವಿಟ್ನಿ ಥರ ಕೇಳಿಸಲ್ಲ ಮಿಸ್" ಅಂತ ಗೊಣಗುತ್ತಾಳೆ. ಇನ್ನೆರಡು ತಿಂಗಳು ಗೊಣಗಲಿ.