ಗೇಟಿಗೆ ಕಟ್ಟಿಹೋದ ನಾಯಿ ಮನೆ ಸೇರುವವರೆಗೆ

ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರೂವರೆ. ದಾವಣಗೆರೆಯಿಂದ ಸ್ವಲ್ಪ ಹೊರಗೆ, ಹೆದ್ದಾರಿಗೆ ಹತ್ತಿರದಲ್ಲಿರುವ ಪ್ರಾಣಿಗಳ ಆಶ್ರಯ ಕೇಂದ್ರದ ಗೇಟಿಗೆ ಯಾರೋ ಒಂದು ಲ್ಯಾಬ್ರಡಾರ್ ನಾಯಿಯನ್ನು ಕಟ್ಟಿ ಹೋಗಿದ್ದರು. ನೈಲಾನ್ ಹಗ್ಗ, ಗಂಟಿನ ಮೇಲೆ ಗಂಟು. ಪಕ್ಕದಲ್ಲಿ ಒಂದು ಸ್ಟೀಲ್ ತಟ್ಟೆ, ಅರ್ಧ ಪ್ಯಾಕೆಟ್ ಬಿಸ್ಕತ್ತು. ಎಂಟು ವರ್ಷದ ಆಸುಪಾಸಿನ ಗಂಡು. ಮೂತಿಯ ಕೂದಲು ಬೆಳ್ಳಗಾಗಿತ್ತು. ಹೆದ್ದಾರಿಯಲ್ಲಿ ಹೋಗುವ ಪ್ರತಿಯೊಂದು ಬಿಳಿ ಕಾರಿಗೂ ಅದು ಎದ್ದು ನಿಲ್ಲುತ್ತಿತ್ತು. ಕಾರು ದಾಟಿ ಹೋದ ಮೇಲೆ ಕೂರುತ್ತಿತ್ತು.

ಚೀಟಿ ಇರಲಿಲ್ಲ. ಹೆಸರೇನು, ಲಸಿಕೆ ಆಗಿದೆಯೇ, ಏನು ತಿಂದು ಬೆಳೆದದ್ದು, ಒಂದೂ ಗೊತ್ತಿಲ್ಲ. ನಾಲ್ಕು ದಿನ ನಾವು ಹಾಕಿದ ಅನ್ನ ಮುಟ್ಟಲಿಲ್ಲ. ಎರಡನೇ ದಿನದಿಂದ ಡ್ರಿಪ್ ಹಾಕಬೇಕಾಯಿತು. ಐದನೇ ದಿನ ಮಧ್ಯಾಹ್ನ ಅಡುಗೆಯ ಅಕ್ಕ ತಮ್ಮ ಬುತ್ತಿ ಬಿಚ್ಚಿಕೊಂಡು ಅದರ ಹತ್ತಿರ ಕೂತರು. ಜೋಳದ ರೊಟ್ಟಿ ಮುರಿದು ಮೊಸರಿಗೆ ಅದ್ದುವಾಗ ನಾಯಿ ಕತ್ತೆತ್ತಿತು. ಅಕ್ಕ ಒಂದು ಚೂರು ಮುಂದೆ ಹಿಡಿದರು. ತಿಂದಿತು. ಅವರ ಬುತ್ತಿಯ ಮೂರೂ ರೊಟ್ಟಿ ತಿಂದಿತು. ಅದರ ಮನೆಯಲ್ಲಿ ಅದಕ್ಕೆ ಕೊಡುತ್ತಿದ್ದದ್ದು ಅದೇ ಇರಬೇಕು. ಕಟ್ಟಿ ಹೋದವರು ಆ ಒಂದು ಮಾತು ಬರೆದಿಟ್ಟಿದ್ದರೆ ಅದಕ್ಕೆ ನಾಲ್ಕು ದಿನದ ಉಪವಾಸ ತಪ್ಪುತ್ತಿತ್ತು.

ಇಂಥ ಕೇಂದ್ರದಲ್ಲಿ ಏನೇನು ನಡೆಯುತ್ತದೆ, ಒಂದು ಜೀವ ಒಳಗೆ ಬಂದಲ್ಲಿಂದ ಹೊಸ ಮನೆ ಸೇರುವವರೆಗೆ ಯಾವ ಯಾವ ಹಂತ ದಾಟುತ್ತದೆ ಎಂದು ಅನೇಕರು ಕೇಳುತ್ತಾರೆ. ನಾಯಿ, ಬೆಕ್ಕು ಬಿಡಬೇಕಾದ ಕಷ್ಟದಲ್ಲಿರುವವರಿಗೂ, ತರಬೇಕೆಂಬ ಆಸೆ ಇರುವವರಿಗೂ ಉಪಯೋಗಕ್ಕೆ ಬರಲೆಂದು ಬರೆಯುತ್ತಿದ್ದೇನೆ.

‘ಕೊಲ್ಲದ ಆಶ್ರಯ’ ಅಂದರೆ

ಅಮೆರಿಕದಂಥ ದೇಶಗಳಲ್ಲಿ ಜಾಗ ಸಾಲದೆ ಹೋದಾಗ ಆರೋಗ್ಯವಾಗಿರುವ ನಾಯಿ, ಬೆಕ್ಕುಗಳಿಗೂ ಮರಣದ ಸೂಜಿ ಕೊಡುವ ಕೇಂದ್ರಗಳಿವೆ. ನಾವು ಹಾಗೆ ಮಾಡುವುದಿಲ್ಲ ಎಂದು ಹೇಳಿಕೊಳ್ಳಲು ಹುಟ್ಟಿದ ಹೆಸರು ‘ನೋ ಕಿಲ್’. ಒಳಗೆ ಬಂದ ನೂರು ಜೀವಗಳಲ್ಲಿ ಕನಿಷ್ಠ 90 ಜೀವಂತವಾಗಿ ಹೊರಗೆ ಹೋಗಬೇಕು ಎಂಬುದು ಅಲ್ಲಿ ಬಳಕೆಯಲ್ಲಿರುವ ಅಳತೆ. ಉಳಿದ ಹತ್ತರ ಲೆಕ್ಕ ವಾಸಿಯಾಗದ ನೋವಿನಲ್ಲಿ ನರಳುವ ಜೀವಗಳದ್ದು. ಬೆನ್ನುಮೂಳೆ ನುಜ್ಜುಗುಜ್ಜಾಗಿ, ಔಷಧಿಗೂ ನೋವು ಇಳಿಯದೆ ಒದ್ದಾಡುವ ನಾಯಿಯನ್ನು ಪಶುವೈದ್ಯರು ಶಾಂತವಾಗಿ ಮಲಗಿಸುವುದು ಈ ತತ್ವಕ್ಕೆ ವಿರುದ್ಧವಲ್ಲ. ಆ ದಿನ ಯಾರಿಗೂ ಊಟ ಸೇರುವುದಿಲ್ಲ. ಆದರೆ ಜಾಗ ಇಲ್ಲ, ವಯಸ್ಸಾಯಿತು, ಕುಂಟು, ಯಾರೂ ಕೇಳಲಿಲ್ಲ ಎಂಬುದು ಕಾರಣವಾಗಕೂಡದು.

ಜಾಗದ ಲೆಕ್ಕವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲವೂ ನಿಂತಿರುವುದು ಅದರ ಮೇಲೆ. 30 ಗೂಡುಗಳಿವೆ ಎನ್ನಿ. ಒಂದೊಂದು ನಾಯಿ 90 ದಿನ ಉಳಿದರೆ ವರ್ಷಕ್ಕೆ ಸುಮಾರು 120 ನಾಯಿಗಳಿಗೆ ಆಸರೆ. 45 ದಿನದಲ್ಲಿ ಮನೆ ಸಿಕ್ಕರೆ ಅದೇ 30 ಗೂಡಿನಲ್ಲಿ 240 ನಾಯಿಗಳಿಗೆ. ಕೊಲ್ಲುವುದಿಲ್ಲ ಎಂದು ಮಾತು ಕೊಟ್ಟವರು ಮನೆ ಹುಡುಕುವುದನ್ನು ಬಂದ ದಿನದಿಂದಲೇ ಶುರು ಮಾಡಬೇಕು. ಇಲ್ಲವಾದರೆ ಒಂದರ ಮೇಲೊಂದು ತುಂಬಿ, ಕಾದಾಟ, ಕಾಯಿಲೆ ಹಬ್ಬಿ, ಉಳಿಸಲು ತಂದದ್ದೇ ನಮ್ಮ ಕಣ್ಣೆದುರು ಸಾಯುತ್ತದೆ.

ಗೇಟಿನಲ್ಲಿ ಕೇಳುವ ಪ್ರಶ್ನೆ

ಮೊದಲ ಹಂತ, ಒಳಗೆ ಬರಬೇಕೋ ಬೇಡವೋ ಎಂದು ತೀರ್ಮಾನಿಸುವುದು. ಬೀದಿಯಲ್ಲಿ ಆರೋಗ್ಯವಾಗಿ ಬದುಕುತ್ತಿರುವ ದೊಡ್ಡ ನಾಯಿಗೆ ಆಶ್ರಯ ಕೇಂದ್ರ ಬೇಕಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಕಿವಿಯ ತುದಿ ಸ್ವಲ್ಪ ಕತ್ತರಿಸಿದ್ದರೆ ಅದಕ್ಕೆ ಆಪರೇಷನ್ ಆಗಿದೆ ಎಂದು ಅರ್ಥ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಅವುಗಳ ದಾರಿ ಬೇರೆ. ಕೇಂದ್ರ ಒಳಗೆ ತೆಗೆದುಕೊಳ್ಳುವುದು ಗಾಯಗೊಂಡವನ್ನು, ತಾಯಿ ಸತ್ತ ಮರಿಗಳನ್ನು, ಮನೆಯವರು ಕೈಬಿಟ್ಟ ಸಾಕುಪ್ರಾಣಿಗಳನ್ನು.

ಬಿಡಲು ಬಂದವರನ್ನು ಕೂರಿಸಿ, ನೀರು ಕೊಟ್ಟು, ಬೈಯದೆ ಮಾತಾಡಿಸುತ್ತೇವೆ. ಮಗನಿಗೆ ಬೆಂಗಳೂರಿನಲ್ಲಿ ಕೆಲಸವಾಯಿತು, ಬಾಡಿಗೆ ಮನೆಯವರು ಒಪ್ಪುತ್ತಿಲ್ಲ, ಮಗುವಿಗೆ ಅಲರ್ಜಿ, ನಾಯಿ ಕಚ್ಚಿತು. ಕೆಲವು ಕಷ್ಟಗಳಿಗೆ ಅಲ್ಲೇ ಪರಿಹಾರವಿರುತ್ತದೆ. ಕಚ್ಚುವ ನಾಯಿಯ ಕಿವಿಯೊಳಗೆ ನೋಡಿದರೆ ಕೀವು ತುಂಬಿರುತ್ತದೆ. ಹತ್ತು ದಿನ ಔಷಧಿ ಹಾಕಿದರೆ ಕಚ್ಚುವುದು ನಿಲ್ಲುತ್ತದೆ. ಹಾಗೆ ಮನೆಯಲ್ಲೇ ಉಳಿದ ನಾಯಿ ನಮಗೆ ಒಂದು ಗೂಡು ಉಳಿಸಿಕೊಟ್ಟಂತೆ. ನಿಜವಾಗಿ ಬೇರೆ ದಾರಿ ಇಲ್ಲದಿದ್ದರೆ ಒಂದು ಫಾರಂ ತುಂಬಿಸಿಕೊಳ್ಳುತ್ತೇವೆ. ಹೆಸರು, ವಯಸ್ಸು, ಹಾಕಿಸಿದ ಸೂಜಿಗಳು, ಯಾವುದಕ್ಕೆ ಹೆದರುತ್ತದೆ, ಎಲ್ಲಿ ಮಲಗುತ್ತದೆ, ಏನು ತಿನ್ನುತ್ತದೆ, ಹೇಗೆ ಕೊಟ್ಟರೆ ತಿನ್ನುತ್ತದೆ. ಈ ಕೊನೆಯ ಸಾಲನ್ನು ಸೇರಿಸಿದ್ದು ಆ ಲ್ಯಾಬ್ರಡಾರ್ ಬಂದ ಮೇಲೆ.

ದಯವಿಟ್ಟು ರಾತ್ರಿ ಬಂದು ಕಟ್ಟಿ ಹೋಗಬೇಡಿ. ಸಾಕಿದ ಪ್ರಾಣಿಯನ್ನು ಹಸಿವಿಗೆ, ಬಾಯಾರಿಕೆಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಒಂದು ಬೆಣ್ಣೆ ದೋಸೆಯ ಬೆಲೆಗೂ ಸಾಲದ ದಂಡಕ್ಕೆ ಯಾರು ಅಂಜುತ್ತಾರೆ? ಅದಕ್ಕೇ ಕಾನೂನಿನ ಮಾತು ಬಿಟ್ಟು ಕೈಮುಗಿದು ಕೇಳುವುದು: ಹಗಲು ಬನ್ನಿ, ಹತ್ತು ನಿಮಿಷ ಕೂತು ಅದರ ಕಥೆ ಹೇಳಿ ಹೋಗಿ.

ಹದಿನಾಲ್ಕು ದಿನ ಬೇರೆ

ಹೊಸದಾಗಿ ಬಂದದ್ದನ್ನು ಎಷ್ಟೇ ಮುದ್ದಾಗಿದ್ದರೂ ಉಳಿದವುಗಳ ಜೊತೆ ಬಿಡುವಂತಿಲ್ಲ. ತೂಕ, ಜ್ವರ ನೋಡಿ (ನಾಯಿಯ ಮೈಬಿಸಿ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಮುಟ್ಟಿ ಬೆಚ್ಚಗಿದೆ ಎಂದು ಗಾಬರಿಯಾಗಬೇಡಿ), ಉಣ್ಣಿ, ಚಿಗಟ ತೆಗೆದು, ಜಂತಿನ ಔಷಧಿ ಕೊಟ್ಟು, ಲಸಿಕೆ ಹಾಕಿ, ಎರಡು ವಾರ ಪ್ರತ್ಯೇಕ ಗೂಡಿನಲ್ಲಿ ಇಡುತ್ತೇವೆ. ಯಾಕೆಂದರೆ ಪಾರ್ವೊ ಎಂಬ ವೈರಸ್ ರೋಗ.

ಪಾರ್ವೊ ಬಂದ ಮರಿಯನ್ನು ನೋಡಿದವರು ಮರೆಯಲಾರರು. ಬೆಳಿಗ್ಗೆ ಆಡುತ್ತಿದ್ದದ್ದು ಸಂಜೆಗೆ ಮಂಕಾಗಿ, ವಾಂತಿ ಶುರುವಾಗಿ, ರಕ್ತ ಬೆರೆತ ಬೇಧಿ. ಆ ವಾಸನೆ ಮೂಗಿಗೆ ಒಮ್ಮೆ ಬಡಿದರೆ ಮುಂದಿನ ಸಲ ಬಾಗಿಲಲ್ಲೇ ಗೊತ್ತಾಗುತ್ತದೆ. ವೈರಸ್ ಮೈಸೇರಿ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ, ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ಅಷ್ಟು ದಿನ ಕಾಯುವುದು ಅದಕ್ಕೇ. ನೆಲದ ಮೇಲೆ ಅದು ತಿಂಗಳುಗಟ್ಟಲೆ ಬದುಕಿರುತ್ತದೆ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಫಿನಾಯಿಲ್ ಸುರಿಯುವ ರೂಢಿ. ಪಾರ್ವೊ ಮಟ್ಟಿಗೆ ಅದನ್ನು ನಂಬುವಂತಿಲ್ಲ, ಬೆಕ್ಕುಗಳಿಗಂತೂ ಅದು ವಿಷ. ಮೊದಲು ಹೇಲು, ಕೊಳೆ ಎಲ್ಲ ಸೋಪಿನಿಂದ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆಲ ಒದ್ದೆಯಾಗಿರಲು ಬಿಟ್ಟು, ಮತ್ತೆ ನೀರಲ್ಲಿ ತೊಳೆಯಬೇಕು. ಆ ಕೊಠಡಿಗೆ ಚಪ್ಪಲಿಯೇ ಬೇರೆ, ಪೊರಕೆಯೇ ಬೇರೆ. ಅಲ್ಲಿನ ಕೆಲಸವನ್ನು ದಿನದ ಕೊನೆಗೆ ಮಾಡುತ್ತೇವೆ.

ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, 16 ವಾರ ತುಂಬುವವರೆಗೆ. ರೇಬೀಸ್ ಸೂಜಿ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ. ನಾಯಿ ಕಚ್ಚಿದರೆ, ಅದು ಮರಿಯೇ ಆಗಿರಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಕೇಂದ್ರದಲ್ಲಿ ಕೆಲಸ ಮಾಡುವ ಎಲ್ಲರಿಗೂ ಮುಂಚಿತವಾಗಿಯೇ ಲಸಿಕೆ ಹಾಕಿಸಿರುತ್ತೇವೆ.

ತಟ್ಟೆ ಮತ್ತು ಆಪರೇಷನ್

ಅಡುಗೆ ಸರಳ. ಅಕ್ಕಿ, ಕೋಳಿ ಅಂಗಡಿಯ ತಲೆ, ಕಾಲು, ಕುಂಬಳಕಾಯಿ, ಚಿಟಿಕೆ ಅರಿಶಿನ. ಈರುಳ್ಳಿ, ಬೆಳ್ಳುಳ್ಳಿ, ಖಾರ ಯಾವುದೂ ಇಲ್ಲ. ಈರುಳ್ಳಿ ನಾಯಿಯ ರಕ್ತವನ್ನೇ ಕೆಡಿಸುತ್ತದೆ. ಎಲುಬು ಕಾಣುವಷ್ಟು ಸೊರಗಿದ ನಾಯಿಗೆ ಕರುಣೆಯಿಂದ ತಟ್ಟೆ ತುಂಬಾ ಹಾಕುವವರನ್ನು ನಾವು ತಡೆಯುತ್ತೇವೆ. ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೊಟ್ಟೆ ತುಂಬಿಸಿದರೆ ಜೀವಕ್ಕೇ ಅಪಾಯ. ದಿನಕ್ಕೆ ಐದಾರು ಸಲ, ಒಂದೊಂದು ಹಿಡಿ. ಬೆಕ್ಕುಗಳ ಕೊಠಡಿ ನಾಯಿಗಳ ಸದ್ದು ಕೇಳದಷ್ಟು ದೂರ, ಅಡಗಿಕೊಳ್ಳಲು ರಟ್ಟಿನ ಡಬ್ಬ, ಹತ್ತಿ ಕೂರಲು ಎತ್ತರದ ಹಲಗೆ. ಬೆಕ್ಕಿಗೆ ಜ್ವರ ಬಂತೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು.

ಹೊರಗೆ ಹೋಗುವ ಮುನ್ನ ಸಂತಾನಹರಣ ಶಸ್ತ್ರಚಿಕಿತ್ಸೆ ಕಡ್ಡಾಯ. ಹೆಣ್ಣು ನಾಯಿಯ ಗರ್ಭ ಸುಮಾರು 63 ದಿನದ್ದು, ವರ್ಷಕ್ಕೆ ಎರಡು ಸೂಲು ಸಾಧ್ಯ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು. ಒಂದಕ್ಕೆ ಮನೆ ಹುಡುಕಿ ಆರನ್ನು ಬೀದಿಗೆ ಬಿಟ್ಟರೆ ಏನು ಮಾಡಿದಂತಾಯಿತು?

ಯಾವ ಮನೆಗೆ ಯಾವ ಜೀವ

ಎರಡು ವಾರ ಕಳೆದ ಮೇಲೆ ಸ್ವಭಾವ ನೋಡುತ್ತೇವೆ. ತಟ್ಟೆಯ ಹತ್ತಿರ ಕೈ ಹೋದರೆ ಗುರುಗುಟ್ಟುತ್ತದೆಯೇ, ಮಕ್ಕಳ ಗದ್ದಲಕ್ಕೆ ಹೇಗಿರುತ್ತದೆ, ಬೇರೆ ನಾಯಿ, ಬೆಕ್ಕು ಕಂಡರೆ ಏನು ಮಾಡುತ್ತದೆ, ಪಟಾಕಿ ಸದ್ದಿಗೆ ಎಲ್ಲಿ ಹೋಗಿ ಅಡಗುತ್ತದೆ. ಗೂಡಿನಲ್ಲಿ ಮುದುಡಿ ಕೂತದ್ದನ್ನು ತಿಂಗಳ ಮಟ್ಟಿಗೆ ಯಾರದಾದರೂ ಮನೆಯಲ್ಲಿ ಇರಿಸುವುದುಂಟು. ಹಾಗೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮನೆಗಳು ನಮಗೆ ಹಣಕ್ಕಿಂತ ಹೆಚ್ಚು ಬೇಕು. ಅಲ್ಲಿ ತೆಗೆದ ಒಂದು ಫೋಟೊ, ಸೋಫಾದ ಕೆಳಗೆ ಕಾಲು ಚಾಚಿ ಮಲಗಿರುವುದು, ಗೂಡಿನ ಸರಳುಗಳ ಹಿಂದಿನ ಹತ್ತು ಫೋಟೊಗಳಿಗಿಂತ ಬೇಗ ಮನೆ ತಂದುಕೊಡುತ್ತದೆ.

ದತ್ತು ಕೇಳಿ ಬರುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಮರಿ, ಅದೂ ಜಾತಿ ನಾಯಿಯ ಮರಿ. ಮೈಲಾರಲಿಂಗನಿಗೆ ನಡೆದುಕೊಳ್ಳುವ ಮನೆಗಳವರು ಬಂದಾಗ ನನಗೆ ಸಮಾಧಾನ. ಆ ದೇವರ ಭಕ್ತರಾದ ಗೊರವರು ದೋಣಿ ಎಂಬ ತಮ್ಮ ಪಾತ್ರೆಗೆ ಹಾಲು, ಬಾಳೆಹಣ್ಣು ಹಾಕಿಸಿಕೊಂಡು ನಾಯಿಯಂತೆ ಬೊಗಳಿ ಉಣ್ಣುವುದನ್ನು ಕಂಡು ಬೆಳೆದವರು ಅವರು; ಬೀದಿಯ ಮರಿಯನ್ನೂ ಸಂತೋಷದಿಂದ ಎತ್ತಿಕೊಳ್ಳುತ್ತಾರೆ. ಕರಿ ಬೆಕ್ಕಿಗೆ ಮಾತ್ರ ಮನೆ ಸಿಗುವುದು ಇವತ್ತಿಗೂ ಕಷ್ಟ. ಅಡ್ಡ ಬಂದರೆ ಅಪಶಕುನ ಎನ್ನುವವರು ಅದು ಮಡಿಲಲ್ಲಿ ಮಲಗಿ ಗುರ್ ಎನ್ನುವುದನ್ನು ಒಮ್ಮೆ ಕೇಳಬೇಕು.

ನಾವು ಕೇಳುವುದು ಇಷ್ಟು. ಮನೆಯ ಎಲ್ಲರೂ ಒಪ್ಪಿದ್ದಾರೆಯೇ? ಬಾಡಿಗೆ ಮನೆಯಾದರೆ ಮಾಲೀಕರ ಮಾತೇನು? ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು? ಹಗಲು ಎಷ್ಟು ಹೊತ್ತು ಒಂಟಿ? ಆಮೇಲೆ ಮನೆಗೆ ಹೋಗಿ ನೋಡುತ್ತೇವೆ: ಗೇಟಿನ ಕೆಳಗಿನ ಸಂದು, ಮಹಡಿಯ ಪ್ಯಾರಾಪೆಟ್, ಏಪ್ರಿಲ್ ಬಿಸಿಲಿಗೆ ನೆರಳು. ತೋಟದ ಮನೆಗೆ ಕಾವಲಿಗೆ, ದಿನವಿಡೀ ಸರಪಳಿಯಲ್ಲಿ ಕಟ್ಟಿ ಹಾಕಲು ಎಂದರೆ ಕೊಡುವುದಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಉಡುಗೊರೆ ಎಂದರೂ ಇಲ್ಲ. ಮಗಳನ್ನು ಕರೆದುಕೊಂಡು ಎರಡು ಸಲ ಬಂದು ಹೋಗಿ ಎನ್ನುತ್ತೇವೆ.

ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬರು ಪತ್ನಿಯೊಂದಿಗೆ ಬಂದರು.

“ಮರಿನೇ ಬೇಕಿತ್ತು ನಮಗೆ,” ಅಂದರು.

“ಯಜಮಾನ್ರೇ, ಮರಿ ಅಂದ್ರೆ ಹನ್ನೆರಡು, ಹದಿನಾಲ್ಕು ವರ್ಷದ ಮಾತು. ದಿನಾ ಎರಡು ಹೊತ್ತು ಅದರ ಹಿಂದೆ ಓಡಬೇಕು. ಒಂದ್ಸಲ ಇಲ್ಲಿ ಬರ್ರಿ, ಇದನ್ನ ನೋಡ್ರಿ,” ಎಂದು ಅಡುಗೆಯ ಅಕ್ಕ ಲ್ಯಾಬ್ರಡಾರ್ ಹತ್ತಿರ ಕರೆದುಕೊಂಡು ಹೋದರು.

ಅವರ ಪತ್ನಿ ಕೆಳಗೆ ಕೂತರು. ನಾಯಿ ಬಂದು ಅವರ ಸೆರಗು ಮೂಸಿ ಅಲ್ಲೇ ಮಲಗಿತು. ಅವರದ್ದು ನೆಲಮಟ್ಟದ ಮನೆ, ಮೆಟ್ಟಿಲಿಲ್ಲ. ಸೊಂಟ ಹಿಡಿದ ಮುದಿ ನಾಯಿಗೆ ಹೇಳಿ ಮಾಡಿಸಿದಂತಿತ್ತು.

ಮನೆಗೆ ಹೋದ ಮೇಲೆ

ಹೊಸಬರಿಗೆ ನಾವು ಹೇಳುವ ಅಂದಾಜು ಮೂರು ದಿನ, ಮೂರು ವಾರ, ಮೂರು ತಿಂಗಳು. ಮೊದಲ ಮೂರು ದಿನ ಹೆದರಿಕೆ; ತಿನ್ನದಿದ್ದರೂ, ಮಂಚದ ಕೆಳಗಿಂದ ಬರದಿದ್ದರೂ ಎಳೆಯಬೇಡಿ, ನೆಂಟರನ್ನು ಕರೆಯಬೇಡಿ, ಸ್ನಾನ ಮಾಡಿಸಬೇಡಿ. ಮೂರು ವಾರಕ್ಕೆ ಮನೆಯ ಹೊತ್ತುಗೊತ್ತು ತಿಳಿಯುತ್ತದೆ, ಆಗಲೇ ತುಂಟತನವೂ ಹೊರಬರುತ್ತದೆ. ಮೂರು ತಿಂಗಳಿಗೆ ಇದು ನನ್ನ ಮನೆ ಎಂಬ ಧೈರ್ಯ. ಬೆಕ್ಕಾದರೆ ಮೊದಲ ವಾರ ಒಂದೇ ಕೋಣೆಯಲ್ಲಿ ಇರಲಿ, ಕಿಟಕಿ ಮುಚ್ಚಿರಲಿ.

ಮೂರನೇ ದಿನ, ಮೂರನೇ ವಾರ ಫೋನ್ ಮಾಡುತ್ತೇವೆ. ಮೂರನೇ ತಿಂಗಳು ಮನೆಗೇ ಹೋಗುತ್ತೇವೆ. ಒಪ್ಪಂದದಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿದೆ: ಯಾವ ಕಾರಣಕ್ಕಾದರೂ ಇಟ್ಟುಕೊಳ್ಳಲಾಗದಿದ್ದರೆ ಬೇರೆಯವರಿಗೆ ಕೊಡದೆ, ಬೀದಿಗೆ ಬಿಡದೆ, ನಮಗೇ ಮರಳಿಸಬೇಕು. ಮರಳಿಸಲು ಬಂದವರನ್ನೂ ಕೂರಿಸಿ ನೀರು ಕೊಡುತ್ತೇವೆ. ಅವರು ಅಲ್ಲಿ ಗಮನಿಸಿದ್ದನ್ನು ಬರೆದುಕೊಂಡರೆ ಮುಂದಿನ ಮನೆ ಹುಡುಕುವುದು ಸುಲಭವಾಗುತ್ತದೆ.

ಲ್ಯಾಬ್ರಡಾರ್ ನೋಡಲು ಹೋದಾಗ ಜೂನ್ ಮುಗಿಯುತ್ತಾ ಬಂದಿತ್ತು, ಜಿಟಿಜಿಟಿ ಮಳೆ. ಅದು ಬಾಗಿಲ ಹತ್ತಿರ ಗೋಣಿಚೀಲದ ಮೇಲೆ ಮಲಗಿತ್ತು. ಒಳಗೆ ರೊಟ್ಟಿ ತಟ್ಟುವ ಸದ್ದು. ಬೀದಿಯಲ್ಲಿ ಬಿಳಿ ಕಾರೊಂದು ನೀರು ಸಿಡಿಸುತ್ತಾ ಹೋಯಿತು. ನಾಯಿ ಕಿವಿ ಅಲುಗಿಸಿತು, ಏಳಲಿಲ್ಲ. ತೂಕದ ಯಂತ್ರದ ಮೇಲೆ ನಿಲ್ಲಿಸಲು ಇಬ್ಬರು ಬೇಕಾದರು. ಬಂದ ದಿನ 24 ಕೆಜಿ ಇದ್ದದ್ದು ಈಗ 29 ಎಂದು ಅದರ ಪುಟದಲ್ಲಿ ಬರೆದುಕೊಂಡು ಬಂದೆವು.