ಮೊದಲ ಐದು ಸಾವಿರ: ಆನ್‌ಲೈನ್ ಆ್ಯಡ್ ಕೊಳ್ಳುವುದು ಹೇಗೆ?

ಫೇಸ್‌ಬುಕ್ ಪೋಸ್ಟಿನ ಕೆಳಗೆ ‘ಬೂಸ್ಟ್’ ಅಂತ ಒಂದು ನೀಲಿ ಗುಂಡಿ ಇರುತ್ತದೆ. ಅದನ್ನು ಒತ್ತಿ, ₹500 ಕಟ್ಟಿ, ಮೂರು ದಿನದಲ್ಲಿ ಬಂದ ಲೈಕು ಎಣಿಸಿ ಖುಷಿಪಟ್ಟು, ನಾಲ್ಕನೇ ದಿನ ‘ಒಂದು ಸೀರೆಯೂ ಹೋಗಲಿಲ್ಲ, ಇದೆಲ್ಲ ಬೋಗಸ್’ ಎಂದು ಕೈಬಿಡುವ ಅಂಗಡಿಕಾರರು ಊರಿಗೆ ಹತ್ತು ಜನ ಸಿಗುತ್ತಾರೆ. ಅವರು ಲೈಕು ಕೇಳಿದ್ದರು, ಯಂತ್ರ ಲೈಕನ್ನೇ ತಂದುಕೊಟ್ಟಿತು. ಮಾರಾಟ ಬೇಕಾದರೆ ಮಾರಾಟವನ್ನೇ ಕೇಳಬೇಕು. ಕೇಳುವ ಮೊದಲು ಒಂದು ಮಾರಾಟಕ್ಕೆ ಎಷ್ಟು ಕೊಡಬಲ್ಲೆವು ಎಂಬ ಅಂಕಿ ಕೈಯಲ್ಲಿರಬೇಕು. ಈ ಅಂಕಿಯನ್ನು ಹಾಕಿಕೊಳ್ಳದೆ ಆ್ಯಡ್ ಹಾಕುವವರೇ ಹೆಚ್ಚು. ಆದ್ದರಿಂದ ಈ ಲೇಖನದ ಒಂದು ಭಾಗ ಅದಕ್ಕೇ ಮೀಸಲು.

ಉದಾಹರಣೆಗೆ ವಾಟ್ಸ್ಆ್ಯಪ್ ಮೇಲೆ ಇಳಕಲ್ ಸೀರೆ ಮಾರುವ ಒಂದು ಸಣ್ಣ ಅಂಗಡಿ ಇಟ್ಟುಕೊಳ್ಳೋಣ. ನಿಮ್ಮದು ಉಪ್ಪಿನಕಾಯಿಯೋ ಟ್ಯೂಷನ್ನೋ ಆಗಿದ್ದರೆ ಅಂಕಿ ಬದಲಿಸಿಕೊಳ್ಳಿ.

ಇದು ಹರಾಜು

ಪತ್ರಿಕೆಯಲ್ಲಿ ಜಾಹೀರಾತಿಗೆ ದರಪಟ್ಟಿ ಇರುತ್ತದೆ, ಇಷ್ಟು ಸೆಂಟಿಮೀಟರಿಗೆ ಇಷ್ಟು ಅಂತ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್‌ಗಳಲ್ಲಿ ದರಪಟ್ಟಿ ಇಲ್ಲ. ಒಬ್ಬರ ಮೊಬೈಲಿನಲ್ಲಿ ಒಂದು ಜಾಗ ಖಾಲಿಯಾದ ಪ್ರತಿ ಸಲವೂ ಎಪಿಎಂಸಿ ಯಾರ್ಡಿನ ಟೆಂಡರಿನಂತೆ ಹರಾಜು ನಡೆಯುತ್ತದೆ. ಒಂದು ವ್ಯತ್ಯಾಸವಿದೆ: ಜಾಸ್ತಿ ಕೂಗಿದವನೇ ಗೆಲ್ಲುತ್ತಾನೆಂದಿಲ್ಲ. ಆ ವ್ಯಕ್ತಿ ಈ ಆ್ಯಡನ್ನು ಒತ್ತುವ ಸಾಧ್ಯತೆ ಎಷ್ಟು, ಆ್ಯಡ್ ಗುಣಮಟ್ಟ ಹೇಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಜನ ನಿಂತು ನೋಡುವ ಆ್ಯಡಿಗೆ ಜಾಗ ಅಗ್ಗಕ್ಕೆ ಸಿಗುತ್ತದೆ. ‘ಸಿಪಿಎಂ ಎಷ್ಟು ನಡೀತಿದೆ?’ ಎಂದು ಕೇಳಿಕೊಂಡು ಓಡಾಡಬೇಡಿ. ಸಾವಿರ ಸಲ ತೋರಿಸಲು ತಗಲುವ ಆ ಖರ್ಚು ನಿಮ್ಮ ಫೋಟೊ, ನಿಮ್ಮ ಊರು, ಆ ವಾರದ ಹಬ್ಬ ನೋಡಿಕೊಂಡು ಏರಿಳಿಯುತ್ತದೆ.

ಲೆಕ್ಕದ ಹಾಳೆ

ಇದನ್ನು ಪೆನ್ನು ಹಿಡಿದು ಮಾಡಿ.

ಸೀರೆಯ ಬೆಲೆ ₹2,000. ಕೊಂಡದ್ದು ತೆರಿಗೆ ಸೇರಿ ₹1,350. ಕೊರಿಯರ್ ₹90, ಪ್ಯಾಕಿಂಗ್ ₹30, ಕ್ಯಾಷ್ ಆನ್ ಡೆಲಿವರಿ ಶುಲ್ಕ ₹30. ಉಳಿದದ್ದು ₹500. ಎಲ್ಲರೂ ಇಲ್ಲಿಗೆ ನಿಲ್ಲಿಸಿ, ‘ಒಂದು ಆರ್ಡರಿಗೆ ₹400 ಆ್ಯಡ್ ಖರ್ಚಾದರೂ ನೂರು ಉಳಿಯಿತಲ್ಲ’ ಅಂದುಕೊಳ್ಳುತ್ತಾರೆ. ಮುಳುಗುವುದು ಇಲ್ಲೇ.

ಕ್ಯಾಷ್ ಆನ್ ಡೆಲಿವರಿ ಇಟ್ಟರೆ ಪಾರ್ಸೆಲ್ ವಾಪಸ್ ಬರುತ್ತದೆ. ಹತ್ತರಲ್ಲಿ ಎರಡು ವಾಪಸ್ ಬಂತೆಂದು ಹಿಡಿಯಿರಿ. ಮಾರಾಟವಾದ ಎಂಟರಿಂದ ₹4,000. ವಾಪಸ್ ಬಂದ ಎರಡಕ್ಕೆ ಹೋಗುವ ಬರುವ ಕೊರಿಯರ್ ₹180, ಹಾಳಾದ ಪ್ಯಾಕಿಂಗ್ ₹30, ಒಟ್ಟು ₹420 ನಷ್ಟ. ಉಳಿಯುವುದು ₹3,580. ಹತ್ತು ಆರ್ಡರಿಗೆ ಹಂಚಿದರೆ ತಲಾ ₹358. ಇದು ನಿಮ್ಮ ಗೆರೆ. ಇದರ ಮೇಲೆ ಒಂದು ರೂಪಾಯಿ ಹೋದರೂ ಕೈಯಿಂದ ಹಾಕಿದಂತೆ.

ಲಾಭವೂ ಬೇಕಲ್ಲ. ಅರ್ಧ ನಿಮಗೆ, ಅರ್ಧ ಆ್ಯಡಿಗೆ ಎಂದಿಟ್ಟರೆ ಆ್ಯಡಿಗೆ ಸುಮಾರು ₹180. ಇದರಲ್ಲಿ ಶೇ 18 ಜಿಎಸ್‌ಟಿಯೂ ಸೇರಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಡುಗಳನ್ನು ಹಾಕಿ ಲೆಕ್ಕ ನೋಡುವ ಪುಟವಾದ ಆ್ಯಡ್ಸ್ ಮ್ಯಾನೇಜರ್ ತೋರಿಸುವ ಖರ್ಚಿನಲ್ಲಿ ಜಿಎಸ್‌ಟಿ ಇರುವುದಿಲ್ಲ. ಹಾಗಾಗಿ 180ನ್ನು 1.18ರಿಂದ ಭಾಗಿಸಿ, ₹150 ಎಂದು ಬರೆದುಕೊಳ್ಳಿ. ರೆಗ್ಯುಲರ್ ಜಿಎಸ್‌ಟಿ ನೋಂದಣಿ ಇದ್ದವರು ಖಾತೆಯಲ್ಲಿ ಜಿಎಸ್‌ಟಿ ಸಂಖ್ಯೆ ತುಂಬಿದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆಯಾದ ಕಾಂಪೋಸಿಷನ್‌ನಲ್ಲಿ ಇದ್ದವರಿಗೆ ಆ ಅನುಕೂಲವಿಲ್ಲ.

ಕೊನೆಯ ಮೆಟ್ಟಿಲು: ಹತ್ತು ಜನ ವಾಟ್ಸ್ಆ್ಯಪ್‌ನಲ್ಲಿ ವಿಚಾರಿಸಿದರೆ ಎಷ್ಟು ಜನ ಕೊಳ್ಳುತ್ತಾರೆ? ಒಬ್ಬರು ಎಂದಾದರೆ ಒಂದು ಚಾಟಿಗೆ ₹15 ಕೊಡಬಹುದು. ಇಬ್ಬರಾದರೆ ₹30. ಈಗ ನಿಮ್ಮ ಬಳಿ ಮೂರು ಅಂಕಿ ಇವೆ: 358, 150, 15. ಕಂಪ್ಯೂಟರಿನ ಅಂಚಿಗೆ ಚೀಟಿ ಅಂಟಿಸಿಡಿ.

ಖಾತೆ

ಪೇಜ್, ಬಿಸಿನೆಸ್ ಖಾತೆ, ಆ್ಯಡ್ ಅಕೌಂಟ್, ಕಾರ್ಡು ಎಲ್ಲವೂ ನಿಮ್ಮ ಹೆಸರಿನಲ್ಲೇ ಇರಲಿ. ಏಜೆನ್ಸಿಯವರಿಗೆ ಕೆಲಸ ಕೊಟ್ಟರೂ ‘ಪಾರ್ಟ್‌ನರ್’ ಆಗಿ ಪ್ರವೇಶ ಕೊಡಿ, ಅಷ್ಟೇ. ‘ನಮ್ಮ ಅಕೌಂಟಿನಿಂದಲೇ ಓಡಿಸುತ್ತೇವೆ ಸಾರ್, ನಿಮಗ್ಯಾಕೆ ತಲೆನೋವು’ ಎನ್ನುವವರನ್ನು ಅಲ್ಲಿಂದಲೇ ಕಳುಹಿಸಿ. ಜಗಳವಾದ ದಿನ ಹಳೆಯ ಆ್ಯಡುಗಳ ಲೆಕ್ಕವೆಲ್ಲ ಅವರ ಜೊತೆಗೇ ಹೋಗುತ್ತದೆ. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ಟೂ ಫ್ಯಾಕ್ಟರ್ ದೃಢೀಕರಣ ಹಾಕಿ. ‘ನಿಮ್ಮ ಪೇಜ್ ನಿಯಮ ಉಲ್ಲಂಘಿಸಿದೆ, 24 ಗಂಟೆಯೊಳಗೆ ಈ ಲಿಂಕ್ ಒತ್ತಿ’ ಎಂದು ಮೆಸೇಜ್ ಬಂದರೆ ಅದು ಪಾಸ್‌ವರ್ಡ್ ಕದಿಯುವ ಬಲೆ. ಒತ್ತಬೇಡಿ.

ಹಣಕ್ಕೆ ಯುಪಿಐ ಮೂಲಕ ಮುಂಗಡ ತುಂಬಿಸುವುದೇ ಹೊಸಬರಿಗೆ ಸರಿ. ತುಂಬಿದಷ್ಟೇ ಹೋಗುತ್ತದೆ. ಕಾರ್ಡ್ ಹಾಕುವುದಾದರೆ ಬಿಲ್ಲಿಂಗ್ ಪುಟದಲ್ಲಿ ಅಕೌಂಟ್ ಸ್ಪೆಂಡಿಂಗ್ ಲಿಮಿಟ್ ₹5,000 ಎಂದು ಮೊದಲು ಇಟ್ಟು, ಆಮೇಲೆ ಉಳಿದ ಕೆಲಸ.

ಆ್ಯಡ್ಸ್ ಮ್ಯಾನೇಜರ್ ಒಳಗೆ

ಮೂರು ಅಂತಸ್ತು: ಕ್ಯಾಂಪೇನ್, ಅದರೊಳಗೆ ಆ್ಯಡ್ ಸೆಟ್, ಅದರೊಳಗೆ ಆ್ಯಡ್. ಕ್ಯಾಂಪೇನ್‌ನಲ್ಲಿ ಏನು ಬೇಕು ಎಂದು ಹೇಳುತ್ತೀರಿ. ಆ್ಯಡ್ ಸೆಟ್‌ನಲ್ಲಿ ಯಾರಿಗೆ, ಎಲ್ಲಿ, ಎಷ್ಟಕ್ಕೆ. ಆ್ಯಡ್‌ನಲ್ಲಿ ಫೋಟೊ ಮತ್ತು ಮಾತು.

ಕ್ಯಾಂಪೇನ್‌ನಲ್ಲಿ ‘ಎಂಗೇಜ್‌ಮೆಂಟ್’ ಆರಿಸಿ. ಮುಂದಿನ ಪುಟದಲ್ಲಿ ಮೆಸೇಜ್, ಅದರಲ್ಲಿ ವಾಟ್ಸ್ಆ್ಯಪ್, ಗುರಿ ಹೆಚ್ಚು ಸಂಭಾಷಣೆ. ಇಲ್ಲಿ ಮರೆತು ಪೋಸ್ಟ್ ಎಂಗೇಜ್‌ಮೆಂಟ್ ಎಂದೇ ಇಟ್ಟರೆ ಮತ್ತೆ ಲೈಕಿನ ಕಥೆ. ‘ಟ್ರಾಫಿಕ್’ ಕೂಡ ಬೇಡ. ಕ್ಲಿಕ್ ಮಾಡುವ ಚಟ ಇರುವವರನ್ನೇ ಹುಡುಕಿ ತರುತ್ತದೆ, ಕೊಳ್ಳುವವರನ್ನಲ್ಲ.

‘ಸೇಲ್ಸ್’ ಯಾಕಲ್ಲ? ಯಂತ್ರ ಕಲಿಯಲು ಒಂದು ಆ್ಯಡ್ ಸೆಟ್‌ನಲ್ಲಿ ವಾರಕ್ಕೆ ಸುಮಾರು 50 ಫಲಿತಾಂಶ ಬೇಕು. ವೆಬ್‌ಸೈಟ್ ಮಾರಾಟವನ್ನೇ ಫಲಿತಾಂಶ ಎಂದರೆ, ₹150ರಂತೆ 50ಕ್ಕೆ ವಾರಕ್ಕೆ ₹7,500 ಬೇಕಾಗುತ್ತದೆ. ಚಾಟ್ ಆದರೆ ₹15ರಂತೆ ₹750 ಸಾಕು. ಬಜೆಟ್ ಸಣ್ಣದಿದ್ದಾಗ ಹತ್ತಿರದ ಗುರಿ ಕೇಳಬೇಕು.

ದಿನಕ್ಕೆ ₹250, ಹದಿನಾಲ್ಕು ದಿನ. ಒಟ್ಟು ₹3,500, ಜಿಎಸ್‌ಟಿ ಸೇರಿ ₹4,130. ಚಾಟಿಗೆ ₹30 ಬಿದ್ದರೂ ವಾರಕ್ಕೆ 50 ದಾಟುತ್ತದೆ. ಒಂದು ದಿನ ₹250 ಮೀರಿ ಖರ್ಚಾದರೆ ಗಾಬರಿ ಬೇಡ. ವಾರದ ಮೊತ್ತ ಏಳು ಪಟ್ಟು ಮೀರುವುದಿಲ್ಲ.

ಆ್ಯಡ್ ಸೆಟ್ ಒಂದೇ ಇರಲಿ. ₹250ನ್ನು ಐದು ಆ್ಯಡ್ ಸೆಟ್‌ಗೆ ಹರಿದು ಹಂಚಿದರೆ ಯಾವುದೂ ಕಲಿಯುವುದಿಲ್ಲ.

ಊರು ಆರಿಸುವಾಗ ಕರ್ನಾಟಕದ ಜೊತೆ ಸೊಲ್ಲಾಪುರ, ಪುಣೆ ಸೇರಿಸಿ. ಅಲ್ಲಿಯೂ ಇಳಕಲ್ ಸೀರೆ ಉಡುತ್ತಾರೆ, ‘ಇರಕಲ್’ ಅನ್ನುತ್ತಾರೆ. ಅಂಗಡಿಗೇ ಜನ ಬರಬೇಕೆಂದಿದ್ದರೆ ಊರ ಹೆಸರು ಬರೆಯದೆ ನಕ್ಷೆಯ ಮೇಲೆ ಪಿನ್ ಇಟ್ಟು ಸುತ್ತಳತೆ ಕಡಿಮೆ ಮಾಡಿ.

ಭಾಷೆಯ ಖಾನೆಯಲ್ಲಿ ‘ಕನ್ನಡ’ ಎಂದು ಹಾಕುವುದು ಕನ್ನಡಿಗರು ಮಾಡುವ ಮಾಮೂಲಿ ತಪ್ಪು. ಆ ಖಾನೆ ನೋಡುವುದು ಆ್ಯಪಿನ ಸೆಟ್ಟಿಂಗ್ ಯಾವ ಭಾಷೆಯಲ್ಲಿದೆ ಎಂಬುದನ್ನು. ಮನೆಯಲ್ಲಿ ಕನ್ನಡವೇ ಆಡುವ ಎಷ್ಟೋ ಜನರ ಮೊಬೈಲು ಇಂಗ್ಲಿಷಿನಲ್ಲಿದೆ. ಕನ್ನಡ ಎಂದು ಬರೆದ ಕೂಡಲೇ ಅವರೆಲ್ಲ ಪಟ್ಟಿಯಿಂದ ಹೊರಗೆ. ಖಾನೆ ಖಾಲಿ ಬಿಡಿ. ಆ್ಯಡಿನ ಮಾತು ಕನ್ನಡದಲ್ಲಿರಲಿ, ಓದಬಲ್ಲವರು ತಾವೇ ನಿಲ್ಲುತ್ತಾರೆ.

ಆಸಕ್ತಿಗಳ ಖಾನೆಯಲ್ಲಿ ಇಪ್ಪತ್ತು ಹೆಸರು ತುರುಕುವುದೂ ಬೇಡ. ವಯಸ್ಸು, ಊರು ಸಾಕು. ಜಾಗಗಳ ಪಟ್ಟಿಯಲ್ಲಿ ‘ಆಡಿಯನ್ಸ್ ನೆಟ್‌ವರ್ಕ್’ ಕಂಡರೆ ತೆಗೆದುಹಾಕಿ. ಅದು ಬೇರೆಯವರ ಆ್ಯಪ್, ಆಟಗಳೊಳಗೆ ಆ್ಯಡ್ ತೋರಿಸುವ ಜಾಗ. ಆಡುತ್ತಿರುವ ಮಗುವಿನ ಹೆಬ್ಬೆರಳು ತಾಗಿದ್ದೂ ಕ್ಲಿಕ್ಕೇ.

ಫೋಟೊ ಮತ್ತು ಮಾತು

ಮೂರು ಆ್ಯಡ್ ಮಾಡಿ. ಒಂದು ಸೆರಗಿನದ್ದು, ಒಂದು ಉಟ್ಟವರದ್ದು, ಒಂದು 15 ಸೆಕೆಂಡಿನ ವಿಡಿಯೊ. ಸೆರಗಿನ ಫೋಟೊವನ್ನು ಬಾಗಿಲ ಬೆಳಕಿನಲ್ಲಿ ಹತ್ತಿರದಿಂದ ತೆಗೆಯಿರಿ, ಟೋಪಿತೆನಿ ಎಂಬ ಸೆರಗಿನ ವಿನ್ಯಾಸದ ಬಿಳಿ ಹಲ್ಲು ಒಂದೊಂದೂ ಎಣಿಸುವಂತಿರಲಿ. ಫ್ಲೆಕ್ಸ್ ಬ್ಯಾನರಿನ ಹಾಗೆ ನಾಲ್ಕು ಬಣ್ಣದ ಅಕ್ಷರ, ಮೂಲೆಗೆ ಹೂವು, ಮಧ್ಯೆ ಅಂಗಡಿ ಮಾಲೀಕರ ಮುಖ ಬೇಡವೇ ಬೇಡ. ಅಳತೆ 1080×1350. ರೀಲ್‌ಗೆ 1080×1920, ಅದರಲ್ಲಿ ಮೇಲಿನ ಶೇ 14, ಕೆಳಗಿನ ಶೇ 35 ಭಾಗದಲ್ಲಿ ಅಕ್ಷರ ಇಡಬೇಡಿ, ಆ್ಯಪಿನ ಗುಂಡಿಗಳು ಮುಚ್ಚುತ್ತವೆ. ಸದ್ದಿಲ್ಲದೆ ನೋಡುವವರಿಗಾಗಿ ವಿಡಿಯೊ ಮೇಲೆ ಮಾತು ಬರೆಯಿರಿ.

ಬೆಲೆ ಬರೆಯಿರಿ. ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಎಂದರೆ ₹400ರ ಸೀರೆ ಹುಡುಕುವವರೂ ಚಾಟಿಗೆ ಬರುತ್ತಾರೆ. ಪ್ರತಿ ‘ರೇಟ್ ಎಷ್ಟು?’ಗೂ ನೀವು ₹15 ಕೊಟ್ಟಿರುತ್ತೀರಿ. ಎಲ್ಲರೂ ಕೇಳುವ ಪ್ರಶ್ನೆಗೂ ಆ್ಯಡಿನಲ್ಲೇ ಉತ್ತರವಿರಲಿ. ಈ ಸೀರೆಗೆ ಅದು ‘ಬ್ಲೌಸ್ ಪೀಸ್ ಬರತದೇನ್ರೀ?’ ಎನ್ನುವುದು. ‘ಆರು ಗಜ, ಬ್ಲೌಸ್ ಪೀಸ್ ಇಲ್ಲ, ಗುಳೇದಗುಡ್ಡದ ಖಣ ಬೇರೆ ಸಿಗುತ್ತದೆ, ಸೀರೆಗೆ ₹2,000, ಕೊರಿಯರ್ ಸೇರಿ’ ಎಂದು ಒಂದೇ ಸಾಲು. ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದೆಂದು ಬರೆಯಬೇಡಿ. ಇಳಕಲ್ ಸೀರೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಜೊತೆಗೆ ವಾಪಸ್ ಪಾರ್ಸೆಲ್ಲಿನ ಖರ್ಚು ಮೇಲೆ ನೋಡಿದ್ದೀರಿ.

ಬೇರೆಯವರು ಏನು ಹಾಕಿದ್ದಾರೆ ನೋಡಬೇಕೆ? ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಕಂಪನಿ ಮೆಟಾದ ಆ್ಯಡ್ ಲೈಬ್ರರಿಯಲ್ಲಿ ಹೆಸರು ಹುಡುಕಿದರೆ ಓಡುತ್ತಿರುವ ಆ್ಯಡುಗಳೆಲ್ಲ ಉಚಿತವಾಗಿ ಕಾಣುತ್ತವೆ. ತಿಂಗಳುಗಟ್ಟಲೆ ನಿಲ್ಲಿಸದೆ ಓಡಿಸುತ್ತಿರುವ ಆ್ಯಡನ್ನು ಗಮನಿಸಿ, ನಷ್ಟಕ್ಕೆ ಯಾರೂ ಅಷ್ಟು ದಿನ ಓಡಿಸುವುದಿಲ್ಲ.

ಕೈ ಕಟ್ಟಿ ಕೂರುವ ವಾರ

ಪಬ್ಲಿಷ್ ಒತ್ತಿದ ಮೇಲೆ ಏಳು ದಿನ ಮುಟ್ಟಬೇಡಿ. ಗುರಿಯನ್ನೋ ಊರನ್ನೋ ಫೋಟೊವನ್ನೋ ಬದಲಿಸಿದರೆ, ಬಜೆಟ್ ಒಮ್ಮೆಗೇ ಏರಿಸಿದರೆ, ಕಲಿಕೆ ಮೊದಲಿಂದ ಶುರುವಾಗುತ್ತದೆ. ಅನ್ನದ ಪಾತ್ರೆಯ ಮುಚ್ಚಳ ಐದು ನಿಮಿಷಕ್ಕೊಮ್ಮೆ ತೆಗೆಯುವವರಿಗೆ ಅನ್ನ ಬೇಯುವುದು ತಡ.

ಈ ವಾರ ಮಾಡಬೇಕಾದ ಕೆಲಸ ಬೇರೆ ಇದೆ: ಉತ್ತರ ಕೊಡುವುದು. ರಾತ್ರಿ ಒಂಬತ್ತಕ್ಕೆ ಕೇಳಿದವರಿಗೆ ಮರುದಿನ ಹನ್ನೊಂದಕ್ಕೆ ‘ಹೇಳಿ ಮೇಡಂ’ ಎಂದರೆ ಅವರು ಬೇರೆಡೆ ಕೊಂಡಾಗಿರುತ್ತದೆ. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಪ್ರತಿ ಚಾಟಿಗೂ ಲೇಬಲ್ ಹಚ್ಚಿ: ವಿಚಾರಣೆ, ಆರ್ಡರ್, ಹಣ ಬಂತು, ವಾಪಸ್. ಆ್ಯಡಿನಿಂದ ಬಂದ ಚಾಟಿನ ನೆತ್ತಿಯ ಮೇಲೆ ಆ ಆ್ಯಡೇ ಕಾಣುತ್ತದೆ, ಅದರ ಹೆಸರನ್ನೂ ಪುಸ್ತಕದಲ್ಲಿ ಬರೆದಿಡಿ. ಆ್ಯಡ್ಸ್ ಮ್ಯಾನೇಜರಿಗೆ ಚಾಟ್ ಶುರುವಾದದ್ದು ಗೊತ್ತು, ಸೀರೆ ಹೋದದ್ದು ಗೊತ್ತಿಲ್ಲ. ಏಳು ದಿನ ಸುಮ್ಮನಿದ್ದ ಹಳೆ ಗಿರಾಕಿ ಆ್ಯಡ್ ಒತ್ತಿ ಮಾತಾಡಿಸಿದರೂ ಅದು ಹೊಸ ಸಂಭಾಷಣೆ ಎಂದೇ ಎಣಿಸುತ್ತದೆ.

ಹದಿನೈದನೇ ದಿನದ ಲೆಕ್ಕ

₹3,500 ಖರ್ಚಾಗಿದೆ. 23 ಆರ್ಡರ್ ಬಂದಿದ್ದರೆ ತಲಾ ₹152, ಅಂದುಕೊಂಡಂತೆಯೇ. 12 ಬಂದಿದ್ದರೆ ₹292, ಜಿಎಸ್‌ಟಿ ಸೇರಿ ₹344. 358ರ ಗೆರೆಯೊಳಗಿದೆ, ಕೈಗೇನೂ ಉಳಿದಿಲ್ಲ. ಎಂಟೇ ಬಂದಿದ್ದರೆ ಜಿಎಸ್‌ಟಿ ಸೇರಿ ₹516, ನಷ್ಟ. ಎಲ್ಲಿ ಸೋರಿತು ಹುಡುಕಿ. ನೋಡಿದವರು ಬಹಳ, ಒತ್ತಿದವರು ಕಡಿಮೆ: ಫೋಟೊ ಬದಲಿಸಿ. ಒತ್ತಿದರು, ಆದರೆ ಚಾಟ್ ಶುರುವಾಗಲಿಲ್ಲ: ಮೊದಲೇ ತುಂಬಿಟ್ಟ ಮೆಸೇಜ್ ಉದ್ದವಾಗಿದೆ ಅಥವಾ ಇಂಗ್ಲಿಷಿನಲ್ಲಿದೆ. ಚಾಟ್ ಬಂದವು, ಆರ್ಡರ್ ಇಲ್ಲ: ಬೆಲೆ ಬರೆದಿಲ್ಲ, ಇಲ್ಲವೇ ಉತ್ತರ ತಡ. ಆರ್ಡರ್ ಬಂದವು, ವಾಪಸ್ ಜಾಸ್ತಿ: ₹100 ಮುಂಗಡ ಯುಪಿಐ ಕೇಳಿ. ಆರ್ಡರ್ ಸ್ವಲ್ಪ ಕಡಿಮೆಯಾಗುತ್ತದೆ, ಲಾಭ ಹೆಚ್ಚುತ್ತದೆ.

ಎರಡನೇ ದಿನವೇ ಮೂರು ಸೀರೆ ಹೋದವೆಂದು ಬಜೆಟ್ ಸಾವಿರಕ್ಕೆ ಏರಿಸಬೇಡಿ. ಎರಡು ವಾರ ನಿಂತ ಆ್ಯಡಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಶೇ 20ರಷ್ಟು ಏರಿಸಿ: 250, 300, 360.

ಗೂಗಲ್

ಇದು ಎರಡನೇ ತಿಂಗಳಿಗೆ. ಖಾತೆ ತೆರೆಯುವಾಗ ಸ್ಮಾರ್ಟ್ ಮೋಡ್ ಬಂದರೆ ಅದನ್ನು ಬಿಟ್ಟು ಎಕ್ಸ್‌ಪರ್ಟ್ ಮೋಡ್‌ಗೆ ಹೋಗಿ, ಗೂಗಲ್‌ನಲ್ಲಿ ಹುಡುಕಿದವರಿಗೆ ಆ್ಯಡ್ ತೋರಿಸುವ ಸರ್ಚ್ ಕ್ಯಾಂಪೇನ್ ಆರಿಸಿ, ಬೇರೆ ಸೈಟುಗಳಲ್ಲೂ ಆ್ಯಡ್ ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕ್ ಮತ್ತು ಸರ್ಚ್ ಪಾರ್ಟ್‌ನರ್ ಟಿಕ್ ತೆಗೆಯಿರಿ. ಊರಿನ ಆಯ್ಕೆಯಲ್ಲಿ ‘ಆಸಕ್ತಿ ಇರುವವರು’ ಎಂಬುದನ್ನು ಬಿಟ್ಟು ‘ಅಲ್ಲಿ ಇರುವವರು’ ಮಾತ್ರ ಇಡಿ. ಇಲ್ಲಿ ದಿನದ ಬಜೆಟ್ಟಿನ ಎರಡು ಪಟ್ಟು ತನಕ ಒಂದೇ ದಿನ ಹೋಗಬಹುದು, ತಿಂಗಳಿಗೆ 30.4 ಪಟ್ಟು ಮೀರುವುದಿಲ್ಲ.

ಜನ ಹುಡುಕುವ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಸಂಬಂಧವಿದ್ದಂತೆ ಕಂಡ ಹುಡುಕಾಟಕ್ಕೆಲ್ಲ ಆ್ಯಡ್ ತೋರಿಸುವ ಬ್ರಾಡ್ ಮ್ಯಾಚ್ ಬೇಡ. ಇಳಕಲ್ ಎಂದರೆ ಸೀರೆಯಷ್ಟೇ ಅಲ್ಲ, ಕೆಂಪು ಗ್ರಾನೈಟೂ ಹೌದು. ಬ್ರಾಡ್ ಇಟ್ಟುಕೊಂಡರೆ ಮನೆ ಮೆಟ್ಟಿಲಿಗೆ ಕಲ್ಲು ಹುಡುಕುವವರ ಕ್ಲಿಕ್ಕಿಗೂ ನೀವೇ ದುಡ್ಡು ಕೊಡಬೇಕು. ಗ್ರಾನೈಟ್, ಹಾಡು, ಬಸ್, ಹವಾಮಾನ, ಪಿನ್‌ಕೋಡ್ ಇವನ್ನು ನೆಗೆಟಿವ್ ಪಟ್ಟಿಗೆ ಸೇರಿಸಿ, ಆ ಪದವಿದ್ದ ಹುಡುಕಾಟಕ್ಕೆ ಆ್ಯಡ್ ಹೋಗುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಜನ ಟೈಪಿಸುವ ಎಲ್ಲ ಕಾಗುಣಿತ, ‘ಇರಕಲ್’ ಸಹಿತ, ಹಾಕಿ. ಜನ ಏನು ಟೈಪಿಸಿ ಬಂದರೆಂದು ತೋರಿಸುವ ಸರ್ಚ್ ಟರ್ಮ್ಸ್ ವರದಿಯನ್ನು ಮೊದಲ ವಾರ ದಿನವೂ ತೆರೆದು ಕಸ ಆರಿಸಿ.

₹499ಕ್ಕೆ ಹತ್ತು ಸಾವಿರ ಫಾಲೋವರ್ಸ್ ಮಾರುವವರ ಹತ್ತಿರ ಹೋಗಬೇಡಿ. ಆ ನಕಲಿ ಖಾತೆಗಳು ಸೀರೆ ಉಡುವುದಿಲ್ಲ. ಮತ್ತೆ, ಆ್ಯಡಿನಲ್ಲಿ ತೋರಿಸಿದ ಬಣ್ಣದ ಸೀರೆ ಖಾಲಿಯಾದ ಗಳಿಗೆಯಲ್ಲೇ ಆ ಆ್ಯಡ್ ಆಫ್ ಮಾಡಿ. ‘ಆ ಬಣ್ಣ ಮುಗಿದಾವ್ರಿ ಅಕ್ಕಾರ’ ಎನ್ನುವ ಚಾಟಿಗೂ ಹದಿನೈದು ರೂಪಾಯಿಯೇ.